ಕೊಡಗಿನಲ್ಲಿ ಭೂಕುಸಿತ ತರಬೇತಿ ಕಾರ್ಯಾಗಾರ ನಡೆಸುವ ಬಗೆ

ಭೂವಿಜ್ಞಾನಿಗಳಿಗೆ ಕಾರ್ಯಾಗಾರ ಏರ್ಪಡಿಸುವವರು ಅವರನ್ನು ಕಂಪ್ಯೂಟರ್ ಮುಂದೆ ಕೂರಿಸುವ ಮೊದಲು ಇಳಿಜಾರಿಗೆ ಕರೆದೊಯ್ಯಬೇಕು. 2018ರ ಆಗಸ್ಟ್ ಮಳೆಯಲ್ಲಿ ಕುಸಿದ ಮಕ್ಕಂದೂರು, ಜೋಡುಪಾಲ ಸುತ್ತಲಿನ ಗುಡ್ಡಗಳು ಇದಕ್ಕೆ ತಕ್ಕ ಜಾಗ. ಮಳೆಗಾಲ ಕಳೆದ ಮೇಲೆ, ಕಾಫಿ ಕೊಯ್ಲು ಬಿರುಸಾಗುವ ಮೊದಲು ದಿನ ಗೊತ್ತುಮಾಡಿ, ತೋಟದ ಮಾಲೀಕರ ಒಪ್ಪಿಗೆ ಪಡೆಯಿರಿ.

ಪ್ರಯೋಗಾಲಯದ ಕೆಲಸಕ್ಕೆ ಹೆಚ್ಚು ಸಮಯ ಕೊಡಿ. ಜಂಬಿಟ್ಟಿಗೆ ಪದರದ ಕೆಳಗಿನ ಮೆದು ಜೇಡಿಯನ್ನು ಕದಡದಂತೆ ಕೊಳವೆಯಲ್ಲಿ ತೆಗೆದು, ತೇವ ಆರದ ಹಾಗೆ ಮೇಣದಿಂದ ಮುಚ್ಚಬೇಕು. ತೇವಾಂಶ ಅಳೆಯುವ ತುಣುಕನ್ನು ಮಾತ್ರ 105ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ. ದ್ರವ ಮಿತಿಯ, ಅಂದರೆ ಮಣ್ಣು ದ್ರವದಂತೆ ಹರಿಯತೊಡಗುವ ತೇವಾಂಶದ, ಪರೀಕ್ಷೆಗೆ ಬಳಸುವ ಮಣ್ಣನ್ನು ಒಲೆಯಲ್ಲಿಡದೆ, ನೆರಳಿನಲ್ಲಿ ಆರಿಸಿ, 425 ಮೈಕ್ರಾನ್ ಜರಡಿಯಲ್ಲಿ ಸೋಸಿ. ಹ್ಯಾಲಾಯ್ಸೈಟ್‌ನಂಥ ಖನಿಜವಿರುವ ಉಷ್ಣವಲಯದ ಜೇಡಿ ಬಿಸಿಗೆ ಗುಣವನ್ನೇ ಬದಲಿಸಿಕೊಂಡು, ಇರುವುದಕ್ಕಿಂತ ಕಡಿಮೆ ಮಿತಿ ತೋರಿಸುತ್ತದೆ. ಹಿತ್ತಾಳೆ ಬಟ್ಟಲಿನ ಹಸಿ ಮಣ್ಣಿನಲ್ಲಿ ಸೀಳಿದ ಗೆರೆ 25 ಬಡಿತಕ್ಕೆ ಕೂಡಿಕೊಳ್ಳುವುದನ್ನು (ಆಗಿನ ತೇವಾಂಶವೇ ದ್ರವ ಮಿತಿ) ಪ್ರತಿಯೊಬ್ಬರೂ ತಾವೇ ಮಾಡಿ ನೋಡಲಿ.

ಅಪಾಯದ ಲೆಕ್ಕಕ್ಕೆ ಗುಡ್ಡವನ್ನು ಕೊನೆಯಿಲ್ಲದ ಸಮ ಇಳಿಜಾರೆಂದು ಭಾವಿಸುವ ಸರಳವಾದ ಅನಂತ ಇಳಿಜಾರಿನ ಸೂತ್ರದಿಂದಲೇ ಆರಂಭಿಸುವುದು ಒಳ್ಳೆಯದು. ಇಳಿಜಾರಿನ ಕೋನ, ಮಣ್ಣಿನ ಆಳ, ಅಂಟುಬಲ, ಘರ್ಷಣೆಯ ಕೋನಗಳನ್ನು ಹಾಗೇ ಇಟ್ಟು ಅಂತರ್ಜಲ ಮಟ್ಟವನ್ನಷ್ಟೇ ಏರಿಸುತ್ತ ಹೋದರೆ, ಸುರಕ್ಷತಾ ಗುಣಾಂಕ (ಮಣ್ಣನ್ನು ಹಿಡಿದಿಡುವ ಬಲಕ್ಕೂ ಕೆಳಗೆಳೆಯುವ ಬಲಕ್ಕೂ ಇರುವ ಅನುಪಾತ) 1ಕ್ಕಿಂತ ಕೆಳಗಿಳಿಯುವ ಹಂತ ಕಣ್ಣಿಗೆ ಕಾಣುತ್ತದೆ.

30 ಮೀಟರ್ ಚೌಕದ ಎತ್ತರ ದತ್ತಾಂಶದಲ್ಲಿ ಮನೆ ಹಿಂದೆ ಗುಡ್ಡ ಕಡಿದು ಮಾಡಿದ ಮಣ್ಣಿನ ಗೋಡೆ, ಅಂದರೆ ಬರೆ, ಕಾಣುವುದಿಲ್ಲವಾದ್ದರಿಂದ, ಅದನ್ನು ನಡೆದು ಅಳೆದೇ ಕುಸಿತದ ಅಪಾಯ ತೋರಿಸುವ ನಕ್ಷೆಗೆ ಸೇರಿಸಬೇಕು, ಏಕೆಂದರೆ ಜನ ಮಲಗುವುದು ಆ ಬರೆಯ ಬುಡದಲ್ಲೇ. ನಕ್ಷೆಯನ್ನು ಪರೀಕ್ಷಿಸುವಾಗ, ರಚನೆಗೆ ಬಳಸದ ಬೇರೊಂದು ಕಣಿವೆಯ ಕುಸಿತಗಳೊಂದಿಗೆ ಹೋಲಿಸಿ.