ರೈಲಿಲ್ಲದ ಕೊಡಗಿನ ರೈಲು ಫೋಟೊಗಳು: ಉಳಿಸುವುದು, ಹಂಚುವುದು ಹೇಗೆ?

ಕೊಡಗಿನಲ್ಲಿ ರೈಲು ಹಳಿಯೇ ಇಲ್ಲ, ಇನ್ನು ರೈಲಿನ ಇತಿಹಾಸ ಎಲ್ಲಿಂದ ಬಂತು ಅಂತ ಕೇಳಬಹುದು. ಅದು ಇರುವುದು ನಮ್ಮ ಮನೆಯ ಆಲ್ಬಮ್‌ಗಳಲ್ಲಿ. ರಜೆ ಮುಗಿಸಿ ಮಿಲಿಟರಿಗೆ ಹೊರಟವರನ್ನು ಕಳಿಸಲು ಮೈಸೂರು ಸ್ಟೇಷನ್ನಿಗೆ ಹೋದವರಿದ್ದಾರೆ. ವಿರಾಜಪೇಟೆ ಕಡೆಯಿಂದ ಮಾಕುಟ್ಟ ಘಾಟಿ ಇಳಿದು ತಲಶ್ಶೇರಿಯಲ್ಲಿ ರೈಲು ಹತ್ತಿದವರಿದ್ದಾರೆ. ಪ್ಲಾಟ್‌ಫಾರಂ ಮೇಲೆ ಟ್ರಂಕಿನ ಪಕ್ಕ ನಿಂತ ಒಂದು ಫೋಟೊ ಹುಡುಕಿದರೆ ಸಿಗುತ್ತದೆ.

ಮೊದಲು ಕಾಲ ನೋಡಿ

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಕಕ್ಕಡದಲ್ಲಿ, ಅಂದರೆ ಜುಲೈ–ಆಗಸ್ಟ್‌ನ ಜಡಿಮಳೆಯ ತಿಂಗಳಲ್ಲಿ, ಬಟ್ಟೆಯೇ ಒಣಗುವುದಿಲ್ಲ, ಫೋಟೊ ಒಣಗುತ್ತದಾ? ಕಾಫಿ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ, ಫೆಬ್ರವರಿ–ಮಾರ್ಚ್‌ನಲ್ಲಿ ಶುರು ಮಾಡಿ. ಆದರೆ ಫೋಟೊದಲ್ಲಿ ಯಾರ‍್ಯಾರಿದ್ದಾರೆ ಅಂತ ಕೇಳುವುದಕ್ಕೆ ಸುಗ್ಗಿ ಹಬ್ಬ ಪುತ್ತರಿಯೇ ಸರಿ. ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಹಿರಿಯರೆಲ್ಲ ಒಟ್ಟಿಗೆ ಸಿಗುತ್ತಾರೆ.

ಬೂಸ್ಟು ಮತ್ತು ಅಂಟು

ನಮ್ಮ ಕಡೆಯ ಫೋಟೊಗಳಿಗೆ ದೊಡ್ಡ ಶತ್ರು ಬೂಸ್ಟು. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಚಿತ್ರವೇ ಕಿತ್ತು ಬರುತ್ತದೆ. ಗಾಳಿಯಾಡುವ ನೆರಳಲ್ಲಿ ಪೂರ್ತಿ ಒಣಗಲು ಬಿಡಿ. ಆಮೇಲೆ ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬ್ರಷ್‌ನಲ್ಲಿ, ಮನೆಯ ಹೊರಗೆ ಕೂತು ಮೆಲ್ಲಗೆ ಕೊಡವಿ.

ಪುಟಕ್ಕೇ ಅಂಟಿನ ಗೆರೆ ಇರುವ, ಮೇಲೆ ಪ್ಲಾಸ್ಟಿಕ್ ಹಾಳೆಯ ಆಲ್ಬಮ್‌ಗಳು ಗೊತ್ತಲ್ವಾ? ಅದರಿಂದ ಫೋಟೊ ಎಳೆಯಬೇಡಿ. ಹಲ್ಲಿನ ಸಂದಿ ಶುಚಿ ಮಾಡುವ ದಾರವನ್ನು ಫೋಟೊದ ಅಡಿಗೆ ತೂರಿಸಿ, ಆಚೆ ಈಚೆ ಆಡಿಸುತ್ತಾ ಬಿಡಿಸಿ. ಜಗ್ಗದಿದ್ದರೆ ಪುಟ ಸಮೇತ ಸ್ಕ್ಯಾನ್ ಮಾಡಿ. ಗೋಡೆಯ ಫ್ರೇಮಿನ ಗಾಜಿಗೆ ಕಚ್ಚಿಕೊಂಡ ಫೋಟೊವನ್ನಂತೂ ಮುಟ್ಟಲೇಬೇಡಿ, ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ.

ಸ್ಕ್ಯಾನ್

ಮಾಮೂಲಿ ಫೋಟೊಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅನ್ನುವ ಲೆಕ್ಕ), ಬೆಂಕಿಪೊಟ್ಟಣದಷ್ಟು ಚಿಕ್ಕದಾದರೆ 1200. ಕಪ್ಪು-ಬಿಳುಪು ಚಿತ್ರವಾದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಹಳದಿ ಕಲೆ ತೆಗೆಯಲು ಆಮೇಲೆ ಅನುಕೂಲ. ಗುಣಮಟ್ಟ ಕುಗ್ಗದ ಟಿಫ್ (TIFF) ಫೈಲಾಗಿ ಉಳಿಸಿ. ಫೋಟೊದ ಹಿಂಬದಿಯನ್ನೂ ಬಿಡಬೇಡಿ. ಸ್ಟುಡಿಯೊ ಮುದ್ರೆ, ತಾರೀಕು, ಅಜ್ಜಿಯ ಕೈಬರಹ ಇರುವುದು ಅಲ್ಲೇ.

ಫೋಟೊ ಓದುವುದು

ಜಾಸ್ತಿ ಜನ ಇದನ್ನು ಬಿಟ್ಟು ನೇರವಾಗಿ ರಿಪೇರಿಗೆ ಇಳಿಯುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲಿದೆ. ಎಲ್ಲಿ, ಯಾವಾಗ, ಯಾರು ಅಂತ ಗೊತ್ತಿಲ್ಲದ ಫೋಟೊವನ್ನು ಎಷ್ಟು ಹೊಳಪು ಮಾಡಿದರೂ ಅದು ಇತಿಹಾಸವಾಗುವುದಿಲ್ಲ.

ಮೊದಲು ಹಳಿ ನೋಡಿ. ಮೈಸೂರು, ಹಾಸನದ ಕಡೆ 1990ರ ದಶಕದವರೆಗೆ ಇದ್ದದ್ದು ಮೀಟರ್‌ಗೇಜ್, ಅಂದರೆ ಹಳಿಗಳ ನಡುವೆ 1000 ಮಿಲಿಮೀಟರ್. ತಲಶ್ಶೇರಿ, ಕಣ್ಣೂರಿನ ಕಡೆಯದು ಬ್ರಾಡ್‌ಗೇಜ್, 1676 ಮಿಲಿಮೀಟರ್. ಮೊದಲನೆಯದರ ಅಗಲ ಸುಮಾರು ನಮ್ಮ ಸೊಂಟದೆತ್ತರದಷ್ಟು, ಎರಡನೆಯದರದ್ದು ಹೆಚ್ಚುಕಡಿಮೆ ಆಳೆತ್ತರದಷ್ಟು. ಹಳಿಯ ಪಕ್ಕ ಒಬ್ಬರು ನಿಂತಿದ್ದರೆ ಸಾಕು, ಅಳತೆ ಸಿಕ್ಕಿಬಿಡುತ್ತದೆ. ಹಳೇ ಫೋಟೊದಲ್ಲಿ ಹಳಿ ಅಗಲವಾಗಿದ್ದರೆ ಅದು ಮೈಸೂರಂತೂ ಅಲ್ಲ.

ಆಮೇಲೆ ಬೋಗಿಯ ಮೇಲಿನ ಅಕ್ಷರ. ಮೈಸೂರು ಸ್ಟೇಟ್ ರೈಲ್ವೆಯನ್ನೂ ಸೇರಿಸಿಕೊಂಡು ದಕ್ಷಿಣ ರೈಲ್ವೆ ಆದದ್ದು 1951ರ ಏಪ್ರಿಲ್ 14ರಂದು. ದಕ್ಷಿಣ ರೈಲ್ವೆಯ ಗುರುತಿದ್ದರೆ ಫೋಟೊ ಅದಕ್ಕಿಂತ ಹಳೆಯದಲ್ಲ. ಇಂಜಿನ್ ನಂಬರು, ಸ್ಟೇಷನ್ ಬೋರ್ಡು, ಟ್ರಂಕಿನ ಮೇಲೆ ಬಿಳಿ ಪೇಂಟಿನಲ್ಲಿ ಬರೆದ ಹೆಸರು, ಎಲ್ಲವನ್ನೂ ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿ. ಇಂಜಿನ್ ಎಂಥದ್ದು ಅಂತ ತಿಳಿಯದಿದ್ದರೆ 1979ರಲ್ಲಿ ಶುರುವಾದ ಮೈಸೂರಿನ ರೈಲು ಮ್ಯೂಸಿಯಂಗೆ ಒಮ್ಮೆ ಹೋಗಿ ಬನ್ನಿ. ಹಳೇ ಇಂಜಿನ್‌ಗಳನ್ನು ಎದುರಿಗೇ ನಿಂತು ಹೋಲಿಸಿ ನೋಡಬಹುದು.

ಗೊತ್ತಾದದ್ದನ್ನೆಲ್ಲ ಬರೆಯಿರಿ. ಖಚಿತವಾದದ್ದು ಯಾವುದು, ಊಹೆ ಯಾವುದು, ಯಾರು ಹೇಳಿದ್ದು ಅಂತ ಬೇರೆ ಬೇರೆ ಇರಲಿ. ಫೋಟೊದ ಹಿಂದೆ ಬರೆಯಲು ಮೆತ್ತನೆಯ ಪೆನ್ಸಿಲ್ ಮಾತ್ರ. ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ.

ರಿಪೇರಿ

ಮೂಲ ಸ್ಕ್ಯಾನ್ ಹಾಗೇ ಇರಲಿ, ಕಾಪಿಯ ಮೇಲೆ ಕೆಲಸ ಮಾಡಿ. ಫೋಟೊ ತಿದ್ದುವ ಗಿಂಪ್ (GIMP) ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಮಾಸಿದ ಬೆಳಕು-ನೆರಳನ್ನು ಸರಿಪಡಿಸಿ, ಧೂಳಿನ ಚುಕ್ಕಿ, ಗೀರು ತೆಗೆಯಿರಿ. ಅಲ್ಲಿಗೆ ನಿಲ್ಲಿಸಿ.

ಒಂದೇ ಒತ್ತಿಗೆ ಹೊಸದು ಮಾಡಿಕೊಡುವ ಎಐ ಆ್ಯಪ್‌ಗಳ ಬಗ್ಗೆ ಹುಷಾರು. ಮಸುಕಾದ ಮುಖಕ್ಕೆ ಬೇರೆ ಯಾರದ್ದೋ ಕಣ್ಣು-ಮೂಗು ಕೂರಿಸುತ್ತವೆ. ಇಂಜಿನ್ ನಂಬರಿನ 3 ಹೋಗಿ 8 ಆಗಬಹುದು. ಬಣ್ಣ ತುಂಬುವುದೂ ಹಾಗೇ, ಬೋಗಿ ಯಾವ ಬಣ್ಣದ್ದಿತ್ತು ಅಂತ ಆ್ಯಪ್‌ಗೆ ಹೇಗೆ ಗೊತ್ತು? ಮನೆಯಲ್ಲಿ ಚಂದಕ್ಕೆ ಇಟ್ಟುಕೊಳ್ಳುವುದಾದರೆ ಸರಿ, ಊರಿಗೆ ಹಂಚುವಾಗ ಮಾತ್ರ ‘ಬಣ್ಣ ತುಂಬಿದ್ದು’ ಅಂತ ಹಾಕಲೇಬೇಕು.

ಹಂಚುವುದು

ಮನೆಯವರನ್ನು, ಫೋಟೊದಲ್ಲಿರುವವರು ಬದುಕಿದ್ದರೆ ಅವರನ್ನೂ ಕೇಳಿ. ಟ್ರಂಕಿನ ಮೇಲೆ ಸೈನ್ಯದ ನಂಬರು ಕಂಡರೆ ಹಂಚುವ ಕಾಪಿಯಲ್ಲಿ ಮುಚ್ಚಿ. ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಎಲ್ಲರಿಗೂ ಸಿಗಲಿ ಅನ್ನುವವರು, ಫೋಟೊದ ಹಕ್ಕು ಯಾರದ್ದು ಅಂತ ಖಾತ್ರಿ ಮಾಡಿಕೊಂಡು, ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ತಾಣವಾದ ವಿಕಿಮೀಡಿಯಾ ಕಾಮನ್ಸ್‌ಗೆ ಹಾಕಬಹುದು. ಊರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಹತ್ತು ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತೂಗುಹಾಕಿ, ಪಕ್ಕದಲ್ಲೊಂದು ನೋಟ್‌ಬುಕ್ಕು, ಪೆನ್ಸಿಲ್ ಇಡಿ. ‘ಇದು ಮೈಸೂರಲ್ಲ, ಅರಸೀಕೆರೆ’ ಅಂತ ಯಾರಾದರೂ ಬರೆದರೆ ನಿಮ್ಮ ಹಳೇ ಟಿಪ್ಪಣಿ ಅಳಿಸಬೇಡಿ. ಅದರ ಕೆಳಗೇ ಹೊಸ ಮಾಹಿತಿ, ಹೇಳಿದವರ ಹೆಸರು, ತಾರೀಕು ಸೇರಿಸಿ.