ವಾಕಿಂಗ್ ಗುಂಪು ಶುರು ಮಾಡುವವರಿಗೆ

ನಮ್ಮ ಬಡಾವಣೆಯಲ್ಲಿ ವಾಕಿಂಗ್ ಗುಂಪು ಶುರು ಮಾಡಿದಾಗ ಮೊದಲ ವಾರ 20 ಜನ ಬಂದರು. ಮೂರನೇ ವಾರಕ್ಕೆ 4 ಜನ ಉಳಿದರು. ಸೋಮಾರಿತನ ಅಂದುಕೊಂಡಿದ್ದೆ, ಅದು ತಪ್ಪು. ಮನೆಗಳಿಗೆ ಹೋಗಿ ಕೇಳಿದೆವು. ಪಾರ್ಕ್ ಗೇಟಿನ ಹತ್ತಿರ ದೀಪ ಇರಲಿಲ್ಲ, ನಾಯಿಗಳ ಭಯ ಇತ್ತು. ಮೊಣಕಾಲು ನೋವಿನ ಅಜ್ಜಿಯೊಬ್ಬರು, 'ನಡುವೆ ಕೂರೋಕೆ ಒಂದು ಕಲ್ಲಾದ್ರೂ ಬೇಡ್ವೇನಮ್ಮಾ?' ಅಂದರು. ಬೆಳಗ್ಗೆ ಆರಕ್ಕೆ ಹೆಂಗಸರು ತಿಂಡಿ, ಡಬ್ಬಿ ಕಟ್ಟೋದು ಬಿಟ್ಟು ಬರೋದು ಹೇಗೆ, ಅಲ್ವಾ?

ದೀಪ ಹಾಕಿಸಿ, ಎರಡು ಬೆಂಚು ಇಟ್ಟು, ಹೆಂಗಸರ ಗುಂಪನ್ನು ಒಂಬತ್ತೂವರೆಗೆ ಬದಲಿಸಿದೆವು. ಈಗ ಅಜ್ಜಿಯೂ ತಪ್ಪಿಸೋದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಪ್ರಕಾರ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವೇಗದ ಚಟುವಟಿಕೆ ಬೇಕು. ಒಂದೇ ಸಲ ಆಗಬೇಕೆಂದೇನಿಲ್ಲ, ಐದೈದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು: ಅದೇ ಸರಿಯಾದ ವೇಗ. 65 ದಾಟಿದವರಿಗೆ ವಾರಕ್ಕೆ ಕನಿಷ್ಠ 3 ದಿನ ಸಮತೋಲನದ ವ್ಯಾಯಾಮ ಬೇಕು. ಬೆಂಚು ಹಿಡಿದು ಒಂಟಿ ಕಾಲಲ್ಲಿ ನಿಲ್ಲಿಸಿ, ಪಕ್ಕದಲ್ಲೇ ಒಬ್ಬರು ಇರಿ.

ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಯನ್ನೂ ಕರೆಯಿರಿ. ಯಾರಿಗೆ ಬಿಪಿ, ಶುಗರ್ ಪರೀಕ್ಷೆ ಆಗಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.