ಮೊದಲ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೀರಾ? ಹಾಗಿದ್ರೆ ಮೊದಲು ನಿಧಾನ ಕಲಿಯಿರಿ

ನನ್ನ ಮೊದಲ ಮ್ಯಾರಥಾನ್‌ನ, ಅಂದರೆ 42 ಕಿ.ಮೀ. ಓಟದ, ಮೊದಲರ್ಧ 2 ಗಂಟೆ 9 ನಿಮಿಷದಲ್ಲಿ ಮುಗಿಯಿತು. ಉಳಿದರ್ಧಕ್ಕೆ 3 ಗಂಟೆ 3 ನಿಮಿಷ ಹಿಡಿಯಿತು. ಓಡುವವರಿಗೆ ಈ ಎರಡು ಅಂಕಿ ಸಾಕು, ಏನಾಗಿರಬಹುದು ಅಂತ ಗೊತ್ತಾಗಿಬಿಡುತ್ತದೆ. 33ನೇ ಕಿಲೋಮೀಟರ್ ಬೋರ್ಡಿನ ಹತ್ತಿರ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ದೀಪದ ಕಂಬ ಹಿಡಿದು ಕಾಲು ಚಾಚಿಕೊಂಡು ನಿಂತಿದ್ದೆ. ಬಾಳೆಹಣ್ಣಿನ ವೇಷ ಹಾಕಿದ್ದ ಒಬ್ಬ ಮನುಷ್ಯ ಪಕ್ಕದಲ್ಲೇ ದಾಟಿ ಹೋದ, ಹೋಗುವಾಗ ಹೆಬ್ಬೆರಳು ಬೇರೆ ಎತ್ತಿ ತೋರಿಸಿದ.

ಅವತ್ತು ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಅವಳು ನನಗಿಂತ ಮುಂಚೆ ಓಡಲು ಶುರು ಮಾಡಿದವಳು. ಎಲ್ಲ ಕೇಳಿಸಿಕೊಂಡು, "ನಿನ್ನ ಕಾಲಿಗೆ ಏನೂ ಆಗಿಲ್ಲ ಕಣೋ. ಮೊದಲ ಹತ್ತು ಕಿಲೋಮೀಟರ್ ತಡ್ಕೊಳ್ಳೋಕೆ ಆಗ್ಲಿಲ್ಲ ನಿನ್ ಕೈಲಿ, ಅಷ್ಟೇ" ಅಂದಳು.

ಆಮೇಲೆ ಇನ್ನೂ ಮೂರು ಓಡಿದ್ದೇನೆ. ಈಗಲೂ ವೇಗದವನೇನಲ್ಲ. ಆದರೆ ತಡೆದುಕೊಳ್ಳುವುದು ಸ್ವಲ್ಪ ಬಂದಿದೆ. ಆ ಲೆಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಷ್ಟು ವಾರ ಬೇಕು ಅನ್ನೋದು. ನಿಲ್ಲದೆ 10 ಕಿ.ಮೀ. ಆರಾಮಾಗಿ ಓಡುವವರಿಗೆ 16ರಿಂದ 18 ವಾರ ಸಾಕು. ಅಷ್ಟು ಓಡಲು ಇನ್ನೂ ಬರದಿದ್ದರೆ ಮೊದಲು ಅದನ್ನು ಮಾಡಿಕೊಳ್ಳಿ, ಆಮೇಲೆ ಹೆಸರು ಕೊಡಿ. ಎದೆನೋವು, ತಲೆಸುತ್ತು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಬಂದವರು, ಇಂಥದ್ದೇನಾದರೂ ಇದ್ದರೆ ಡಾಕ್ಟರನ್ನು ಕಂಡೇ ಶುರು ಮಾಡಿ.

ವಾರಕ್ಕೆ ನಾಲ್ಕು ದಿನದ ಓಟ ಕೆಲಸಕ್ಕೆ ಹೋಗುವವರಿಗೆ ಹೊಂದುತ್ತದೆ. ಎರಡು ದಿನ ಸುಮ್ನೆ ನಿಧಾನದ ಓಟ, ಒಂದು ದಿನ ಸ್ವಲ್ಪ ಚುರುಕು, ರಜೆಯ ದಿನ ಉದ್ದದ ಓಟ. ನಿಧಾನ ಅಂದರೆ ಎಷ್ಟು ನಿಧಾನ? ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. 'ಹೂಂ', 'ಇಲ್ಲ' ಅಂತ ಮಾತ್ರ ಹೊರಡುತ್ತಿದ್ದರೆ ಅದು ನಿಧಾನ ಅಲ್ಲ. ನಾನು ಒಬ್ಬನೇ ಓಡುವಾಗ ನಾಳೆ ಆಫೀಸಿನಲ್ಲಿ ಯಾರಿಗೋ ಹೇಳಬೇಕಾದ್ದನ್ನು ಜೋರಾಗಿ ಹೇಳಿ ನೋಡುತ್ತೇನೆ. ದಾರಿಯಲ್ಲಿ ಹೋಗುವವರು ತಿರುಗಿ ನೋಡುತ್ತಾರೆ, ನೋಡಲಿ ಬಿಡಿ.

ಇದು ಕೇಳಲು ಸುಲಭ, ಮಾಡಲು ಕಷ್ಟ. ಯಾಕೆಂದರೆ ಎಲ್ಲರೂ ನಮ್ಮನ್ನು ದಾಟಿ ಹೋಗುತ್ತಾರೆ. ಜೊತೆಗೆ ಕೈಗಡಿಯಾರ ಬೇರೆ ಪ್ರತಿ ಕಿಲೋಮೀಟರಿಗೂ ಕುಟುಕುತ್ತದೆ. ಮೊದಲ ಸಲದ ತಯಾರಿಯಲ್ಲಿ ನನ್ನ ಎಲ್ಲ ಓಟವೂ ಒಂದೇ ವೇಗದಲ್ಲಿತ್ತು, ಆ ಕಡೆ ಜೋರೂ ಅಲ್ಲ, ಈ ಕಡೆ ನಿಧಾನವೂ ಅಲ್ಲ. ದಿನಾ ಸುಸ್ತು, ಸುಧಾರಣೆ ಮಾತ್ರ ಸೊನ್ನೆ. ನಿಧಾನವಾಗಿ ಓಡಿದಾಗ ಕಾಲು ಬೇಗ ಚೇತರಿಸಿಕೊಳ್ಳುತ್ತದೆ, ಹಾಗಾಗಿ ವಾರದಲ್ಲಿ ಜಾಸ್ತಿ ದೂರ ಓಡಲು ಆಗುತ್ತದೆ. ಮ್ಯಾರಥಾನ್‌ಗೆ ಬೇಕಾದದ್ದು ಆ ದೂರವೇ.

ಉದ್ದದ ಓಟವನ್ನು 12 ಅಥವಾ 14 ಕಿ.ಮೀ.ನಿಂದ ಶುರು ಮಾಡಿ, ವಾರಕ್ಕೆ ಒಂದೋ ಎರಡೋ ಏರಿಸುತ್ತಾ ಹೋಗಿ. ಮೂರು ವಾರ ಏರಿಸಿದರೆ ನಾಲ್ಕನೇ ವಾರ ಇಳಿಸಿ. ಒಟ್ಟಿನಲ್ಲಿ 28ರಿಂದ 32 ಕಿ.ಮೀ. ನಡುವಿನ ಓಟ ಮೂರು ಆದರೆ ಸಾಕು. "42 ಓಡಿ ನೋಡದೆ ಅವತ್ತು ಹೇಗೆ ಓಡೋದು?" ಅಂತ ಎಲ್ಲರೂ ಕೇಳುತ್ತಾರೆ. ಓಡಬಹುದು. ತಯಾರಿಯಲ್ಲಿ ಅಷ್ಟು ಓಡಿದರೆ ಚೇತರಿಸಿಕೊಳ್ಳಲು ವಾರಗಟ್ಟಲೆ ಹೋಗುತ್ತದೆ, ಅದರಿಂದ ಸಿಗುವ ಲಾಭ ಅಷ್ಟಿಲ್ಲ. ನನ್ನಂಥ ನಿಧಾನದವರು ಕಿಲೋಮೀಟರ್ ಬಿಟ್ಟು ಗಂಟೆ ನೋಡುವುದು ಒಳ್ಳೆಯದು. ಮೂರೂವರೆ ಗಂಟೆ ಆದಾಗ ಎಷ್ಟಾಗಿದೆಯೋ ಅಷ್ಟಕ್ಕೆ ಮನೆಗೆ ಬನ್ನಿ.

ಓಡದ ದಿನ ಹತ್ತು ನಿಮಿಷ ಮೆಟ್ಟಿಲಿನ ಮೇಲೆ ಕಳೆಯಿರಿ. ಮೆಟ್ಟಿಲ ಅಂಚಿನಲ್ಲಿ ಒಂದೇ ಕಾಲಿನ ಮುಂಗಾಲಿನ ಮೇಲೆ ನಿಂತು ಹಿಮ್ಮಡಿ ಮೇಲೆತ್ತಿ, ನಿಧಾನವಾಗಿ ಇಳಿಸಿ. ಮಂಡಿ ನೇರ ಇಟ್ಟು ಹದಿನೈದು, ಸ್ವಲ್ಪ ಬಗ್ಗಿಸಿ ಹದಿನೈದು. ನನ್ನ ಮೀನಖಂಡ ಆಮೇಲೆ ಯಾವತ್ತೂ ಹಿಡಿದುಕೊಂಡಿಲ್ಲ. ಅದಕ್ಕೆ ಇದು ಕಾರಣವೋ ನಿಧಾನ ಕಾರಣವೋ, ಎರಡನ್ನೂ ಬಿಡುವ ಧೈರ್ಯ ನನಗಿಲ್ಲ.

ನೋವಿನ ವಿಷಯ. ಶುರುವಿನಲ್ಲಿ ಬಿಗಿತ ಇದ್ದು ಹತ್ತು ನಿಮಿಷದಲ್ಲಿ ಸಡಿಲವಾದರೆ ಓಡಿ. ನೋವಿನಿಂದ ಹೆಜ್ಜೆ ಹಾಕುವ ರೀತಿಯೇ ಬದಲಾದರೆ ಅಲ್ಲಿಗೇ ನಿಲ್ಲಿಸಿ. ಮೊಣಕಾಲ ಕೆಳಗಿನ ಮೂಳೆಯಲ್ಲಿ ಒಂದು ಬೆರಳಿಟ್ಟು 'ಇಲ್ಲೇ' ಅಂತ ತೋರಿಸುವಂಥ ನೋವಿದ್ದರೆ ಡಾಕ್ಟರ್ ಹತ್ತಿರ ಹೋಗಲೇಬೇಕು, ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದು. ನೋವಿನ ಮಾತ್ರೆ ನುಂಗಿ ಉದ್ದ ಓಡುವುದಂತೂ ಬೇಡವೇ ಬೇಡ. ಐಬುಪ್ರೊಫೆನ್ ಥರದ ಮಾತ್ರೆ, ಜೊತೆಗೆ ಗಂಟೆಗಟ್ಟಲೆ ಬೆವರು, ಎರಡೂ ಸೇರಿದರೆ ಮೂತ್ರಪಿಂಡಕ್ಕೆ ಹೊಡೆತ.

ಈಗ ತಿನ್ನುವ ಮಾತು. ಮೈಯಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 30 ಕಿ.ಮೀ. ಆಸುಪಾಸಿಗೆ ತಳ ಕಾಣುತ್ತದೆ. ಮುಂದೆ ಗೋಡೆ ಅಡ್ಡ ಬಂದ ಹಾಗೆ ಕಾಲು ನಿಂತುಬಿಡುತ್ತದೆ, ಓಡುವವರು 'ಗೋಡೆ' ಅನ್ನೋದು ಇದನ್ನೇ. ಜೋರಾಗಿ ಓಡಿದಷ್ಟೂ ಅದು ಬೇಗ ಕರಗುತ್ತದೆ, ಅಂದರೆ ಗೋಡೆ ಕಟ್ಟುವವರು ನಾವೇ, ಮೊದಲ ಹತ್ತು ಕಿಲೋಮೀಟರಿನಲ್ಲಿ. ಓಡುತ್ತಾ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಓಡುವವರಿಗೆಂದೇ ಬರುವ ಸಕ್ಕರೆ ಪಾಕದಂಥ ಜೆಲ್‌ನ ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 20ರಿಂದ 30 ಗ್ರಾಂ ಇರುತ್ತದೆ, ಹಾಗಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಗೊಂದು. ಹಸಿವಾಗಲಿ ಅಂತ ಕಾಯಬೇಡಿ, ಆಗ ತಡವಾಗಿರುತ್ತದೆ. ಹೊಟ್ಟೆಗೂ ಅಭ್ಯಾಸ ಬೇಕು. ಉದ್ದದ ಓಟದಲ್ಲೆಲ್ಲ ಅದೇ ಜೆಲ್ಲು, ಅದೇ ಹೊತ್ತಿಗೆ. ಓಟದ ದಿನ ದಾರಿಯಲ್ಲಿ ಯಾವ ಜೆಲ್ ಕೊಡುತ್ತಾರೆ ಅಂತ ಮುಂಚೆಯೇ ನೋಡಿಕೊಳ್ಳಿ, ಒಗ್ಗದಿದ್ದರೆ ನಿಮ್ಮದನ್ನೇ ಸೊಂಟದ ಪಟ್ಟಿಯಲ್ಲಿ ಒಯ್ಯಿರಿ.

ನೀರಿಗೆ ಬಾಯಾರಿಕೆಯೇ ಅಳತೆ. ಕಂಡ ಕಂಡ ಮೇಜಿನಲ್ಲೆಲ್ಲ ಲೋಟಗಟ್ಟಲೆ ಕುಡಿಯುವುದು ಅಪಾಯ. ರಕ್ತದ ಸೋಡಿಯಂ ಇಳಿದುಬಿಡುತ್ತದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ಶೇಕಡಾ 13 ಮಂದಿಯಲ್ಲಿ ಸೋಡಿಯಂ ಕಡಿಮೆ ಇತ್ತು. ಜಾಸ್ತಿ ಕುಡಿದು ಓಟದ ನಡುವೆ ತೂಕ ಏರಿಸಿಕೊಂಡವರಲ್ಲಿ, ನಾಲ್ಕು ಗಂಟೆಗಿಂತ ಹೆಚ್ಚು ತೆಗೆದುಕೊಂಡವರಲ್ಲಿ ಇದು ಹೆಚ್ಚು. ನಾಲ್ಕು ಗಂಟೆಗಿಂತ ಹೆಚ್ಚು ಅಂದರೆ ನಾವೇ ಅಲ್ವಾ?

ಶೂ: ನಿಂತಾಗ ಬೆರಳ ತುದಿಯ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಇರಲಿ, ಓಡುತ್ತಾ ಪಾದ ಊದಿಕೊಳ್ಳುತ್ತದೆ. ಓಟದ ದಿನದ ಶೂ ಅಷ್ಟರಲ್ಲಿ 60–100 ಕಿ.ಮೀ. ಓಡಿರಬೇಕು. ಬಿಬ್ (ಎದೆಗೆ ಸಿಕ್ಕಿಸುವ ನಂಬರಿನ ಹಾಳೆ) ಕೊಡುವ ಪ್ರದರ್ಶನದಲ್ಲಿ ಬಣ್ಣಬಣ್ಣದ ಶೂ, ಸಾಕ್ಸ್, ಬನಿಯನ್ ಇಟ್ಟಿರುತ್ತಾರೆ. ಕೊಳ್ಳಿ, ಬೇಡ ಅನ್ನಲ್ಲ. ಮುಂದಿನ ವಾರ ಹಾಕಿಕೊಳ್ಳಿ. ಕಾಲಿನ ಉಗುರು ಮೂರು ನಾಲ್ಕು ದಿನ ಮುಂಚೆ ಕತ್ತರಿಸಿ. ಇನ್ನು ಉಜ್ಜುವ ಜಾಗಗಳು: ತೊಡೆಸಂದು, ಕಂಕುಳು, ಗಂಡಸರಿಗೆ ಮೊಲೆತೊಟ್ಟು. ನಾಚಿಕೆ ಬಿಟ್ಟು ಪೆಟ್ರೋಲಿಯಂ ಜೆಲ್ಲಿ ಮೆತ್ತಿಕೊಳ್ಳಿ, ಇಲ್ಲವೇ ಟೇಪು ಅಂಟಿಸಿ. ಒಮ್ಮೆ ಮಳೆಯಲ್ಲಿ 26 ಕಿ.ಮೀ. ಓಡಿ ಮನೆಗೆ ಬಂದಾಗ ನನ್ನ ಬಿಳಿ ಟೀ ಶರ್ಟಿನ ಮೇಲೆ ಎರಡು ಕೆಂಪು ಗೆರೆ ಹೊಟ್ಟೆಯವರೆಗೂ ಇಳಿದಿದ್ದವು. ಓಡುವಾಗ ಗೊತ್ತೇ ಆಗಿರಲಿಲ್ಲ. ಸ್ನಾನಕ್ಕೆ ನಿಂತಾಗ ಗೊತ್ತಾಯಿತು.

ಕೊನೆಯ ಉದ್ದದ ಓಟ ಮೂರು ವಾರ ಮುಂಚೆ ಮುಗಿಯಲಿ. ಅಲ್ಲಿಂದ ದೂರ ಇಳಿಸುತ್ತಾ ಬನ್ನಿ, ಕೊನೆಯ ವಾರಕ್ಕೆ ಅರ್ಧಕ್ಕಿಂತಲೂ ಕಡಿಮೆ. ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಕಾಲು ಭಾರ ಅನ್ನಿಸುತ್ತದೆ, ಇಲ್ಲದ ನೋವೆಲ್ಲ ಹುಟ್ಟುತ್ತದೆ, ಗಂಟಲು ಕೆರೆದರೂ ಜ್ವರ ಬಂತು ಅನ್ನಿಸುತ್ತದೆ. ಕೊನೆಯ ಎರಡು ದಿನ ಅನ್ನ, ಬ್ರೆಡ್ಡು, ಆಲೂಗಡ್ಡೆ ಥರದ್ದು ಜಾಸ್ತಿ ತಿಂದಾಗ ತೂಕ ಒಂದೆರಡು ಕಿಲೋ ಏರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಕೂರುತ್ತದೆ, ಅದಕ್ಕೇ. ಕೊಬ್ಬಲ್ಲ, ಹೆದರಬೇಡಿ. 'ಒಂದು ಸಲ ಪರೀಕ್ಷೆ ಮಾಡೋಣ' ಅಂತ ಆ ವಾರ ಜೋರಾಗಿ ಓಡಿದರೆ ಲಾಭ ಏನೂ ಇಲ್ಲ. ಆ ಓಟದ ಫಲ ಮೈಗೆ ಹತ್ತುವಷ್ಟರಲ್ಲಿ ಮ್ಯಾರಥಾನ್ ಮುಗಿದಿರುತ್ತದೆ.

ದೊಡ್ಡ ನಗರದ ಓಟದಲ್ಲಿ ಓಡುವುದಕ್ಕಿಂತ ಮುಂಚೆ ಕಾಯುವುದಿದೆ. ಸಾವಿರಗಟ್ಟಲೆ ಜನರನ್ನು ಅಲೆ ಅಲೆಯಾಗಿ ಬಿಡುತ್ತಾರೆ. ಎರಡು ಮೂರು ಗಂಟೆ ಚಳಿಯಲ್ಲಿ ನಿಲ್ಲಬೇಕಾಗಬಹುದು. ಎಸೆಯಲು ಬೇಜಾರಾಗದ ಹಳೇ ಸ್ವೆಟರ್ ಹಾಕಿಕೊಂಡು ಹೋಗಿ. ಮಳೆ ಬಂದರೆ ದೊಡ್ಡ ಕಸದ ಚೀಲಕ್ಕೆ ಕತ್ತು, ಕೈಗೆ ತೂತು ಮಾಡಿದರೆ ಅದೇ ರೈನ್‌ಕೋಟು. ಟಾಯ್ಲೆಟ್ ಕ್ಯೂನಲ್ಲಿ ಅವಸರ ಆಗುವ ಮೊದಲೇ ನಿಲ್ಲಿ. ಹೊರಗೆ ಬಂದ ಕೂಡಲೇ ಮತ್ತೆ ಅದೇ ಕ್ಯೂ ಹಿಂದೆ ಸೇರಿಕೊಳ್ಳಿ, ನಂಬಿ, ಮತ್ತೆ ಬೇಕಾಗುತ್ತದೆ. ಪೇಪರ್ ಜೇಬಲ್ಲಿರಲಿ. ಬಿಬ್‌ಗೆ ಹಿಂದಿನ ರಾತ್ರಿಯೇ ಟೀ ಶರ್ಟನ್ನು ಮೇಜಿನ ಮೇಲೆ ಹರಡಿ, ಒಳಗೆ ಒಂದು ಪುಸ್ತಕ ಇಟ್ಟು ಪಿನ್ನು ಹಾಕಿ. ಪುಸ್ತಕ ಇಡದೆ ಹಾಕಿದ್ದ ನಾನು ಬೆಳಿಗ್ಗೆ ನಾಲ್ಕಕ್ಕೆ ತಲೆ ತೂರಿಸಲು ಹೋದರೆ ಮುಂದಿನ ಬಟ್ಟೆ, ಹಿಂದಿನ ಬಟ್ಟೆ ಸೇರಿ ಹೊಲಿದಂತಾಗಿತ್ತು. ಬಿಬ್ ಹಿಂದೆ ಮನೆಯವರ ನಂಬರು ಬರೆಯಲು ಮರೆಯಬೇಡಿ.

ಬಂದೂಕು ಸಿಡಿದಾಗ ಗಾಬರಿ ಬೇಡ. ಗೆರೆ ಮುಟ್ಟಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯಬಹುದು, ನಿಮ್ಮ ಜೊತೆಗಿರುವ ಸಮಯ ಅಳೆಯುವ ಚಿಪ್, ನೀವು ಗೆರೆ ದಾಟಿದ ಮೇಲೆಯೇ ಎಣಿಸುತ್ತದೆ. ಆಮೇಲೆ ಜನ ಕೂಗುತ್ತಾರೆ, ಬ್ಯಾಂಡ್ ಬಾರಿಸುತ್ತಾರೆ, ಕಾಲು ತಾನಾಗಿ ಹಾರುತ್ತದೆ. ಹಾರಲು ಬಿಡಬೇಡಿ. ಮೊದಲ 5 ಕಿ.ಮೀ. ಗುರಿಗಿಂತ ಕಿಲೋಮೀಟರಿಗೆ ಹತ್ತು ಹದಿನೈದು ಸೆಕೆಂಡ್ ನಿಧಾನ. ಸಂದಿಯಲ್ಲಿ ನುಗ್ಗಿ ದಾಟುವುದೂ ಬೇಡ.

ಈ ಲೆಕ್ಕ ಮುಂಚೆಯೇ ಮಾಡಿಕೊಳ್ಳಿ. 42.195 ಕಿ.ಮೀ.ಯನ್ನು ಅಳೆಯುವುದು ಓಡಬಹುದಾದ ಅತಿ ಹತ್ತಿರದ ಗೆರೆಯಲ್ಲಿ, ತಿರುವುಗಳಲ್ಲಿ ಒಳ ಅಂಚಿಗೆ ಅಂಟಿಕೊಂಡು. ಕೆಲವು ನಗರಗಳಲ್ಲಿ ಅದನ್ನು ನೀಲಿ ಬಣ್ಣದಲ್ಲಿ ರಸ್ತೆಯ ಮೇಲೇ ಎಳೆದಿರುತ್ತಾರೆ. ಗುಂಪಿನಲ್ಲಿ ಆ ಗೆರೆ ಯಾರಿಗೂ ಪೂರ್ತಿ ಸಿಗಲ್ಲ. ಮುಗಿಸುವಾಗ ಕೈಗಡಿಯಾರ 42.7 ಅಂತ ತೋರಿಸುವುದು ಮಾಮೂಲು. ನಾಲ್ಕೂವರೆ ಗಂಟೆಗೆ ಕಾಗದದ ಮೇಲೆ ಕಿಲೋಮೀಟರಿಗೆ 6 ನಿಮಿಷ 23 ಸೆಕೆಂಡ್ ಸಾಕು. ಗಡಿಯಾರ ನೋಡಿ ಓಡುವುದಾದರೆ 6:19 ಬೇಕು. ಎತ್ತರದ ಕಟ್ಟಡಗಳ ನಡುವೆ, ಸುರಂಗದಲ್ಲಿ ಜಿಪಿಎಸ್ ಹುಚ್ಚಾಗುತ್ತದೆ, ಒಮ್ಮೆ 4:10 ಅನ್ನುತ್ತದೆ, ಮರುಕ್ಷಣ 8:00. ಅಲ್ಲಿ ರಸ್ತೆ ಪಕ್ಕದ ಬೋರ್ಡನ್ನೇ ನಂಬಿ.

ನೀರಿನ ಮೇಜು ಬಂದಾಗ ಮೊದಲ ಮೇಜಿಗೆ ಎಲ್ಲರೂ ಮುಗಿಬೀಳುತ್ತಾರೆ. ಕೊನೆಯ ಮೇಜಿಗೆ ಹೋಗಿ. ಕಾಗದದ ಲೋಟ ತೆಗೆದುಕೊಂಡು ಅದರ ಬಾಯಿಯನ್ನು ಎರಡು ಬೆರಳಿನಿಂದ ಒತ್ತಿ ಕೊಕ್ಕಿನ ಹಾಗೆ ಮಾಡಿ, ಆ ಮೂಲೆಯಿಂದ ಗುಟುಕು ಗುಟುಕಾಗಿ ಕುಡಿಯಿರಿ. ಹಾಗೇ ಎತ್ತಿದರೆ ಮೂಗಿಗೆ ಹೋಗುತ್ತದೆ. ನಾನೀಗ ಓಡುತ್ತಾ ಕುಡಿಯುವುದೇ ಇಲ್ಲ, ಇಪ್ಪತ್ತು ಹೆಜ್ಜೆ ನಡೆದುಬಿಡುತ್ತೇನೆ. ಸಮಯ ಏನೂ ಹಾಳಾಗಲ್ಲ.

30 ಕಿ.ಮೀ. ಆದ ಮೇಲೆ ಹೇಳಿಕೊಡುವಂಥದ್ದು ಜಾಸ್ತಿ ಇಲ್ಲ. ಮುಂದಿನ ಬೋರ್ಡಿನವರೆಗೆ ಅಂತ ಓಡಿ. ಶಕ್ತಿ ಉಳಿಸಿಕೊಂಡಿದ್ದರೆ ಇಲ್ಲಿಂದ ಖರ್ಚು ಮಾಡಿ. ಕೊನೆಯ 195 ಮೀಟರಿಗೆ ಬೈಯಬೇಕು ಅನ್ನಿಸಿದರೆ 1908ರ ಲಂಡನ್ ಒಲಿಂಪಿಕ್ಸಿಗೆ ಬೈಯಿರಿ. ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಮನೆತನದವರ ಆಸನದ ಮುಂದೆ ಮುಗಿಯುವ ಹಾಗೆ ಇಟ್ಟ ದೂರ ಅದು, 1921ರಲ್ಲಿ ಅದೇ ಕಾಯಂ ಆಯಿತು.

ಮುಗಿಸಿದ ಮೇಲೆ ಕೂರಬೇಡಿ, ನಡೆಯುತ್ತಲೇ ಇರಿ. ಹೊರಗೆ ಬರುವ ದಾರಿಯೇ ಒಂದು ಕಿಲೋಮೀಟರ್ ಇರಬಹುದು. ಫೋನ್ ಸಿಗ್ನಲ್ ಸಿಗದಿರಬಹುದು, ಮನೆಯವರು ಎಲ್ಲಿ ನಿಲ್ಲಬೇಕು ಅಂತ ಹಿಂದಿನ ದಿನವೇ ಗೊತ್ತು ಮಾಡಿಕೊಳ್ಳಿ. ಮೂರನೇ ಮ್ಯಾರಥಾನ್ 4 ಗಂಟೆ 26 ನಿಮಿಷಕ್ಕೆ ಮುಗಿಸಿ, ಮೈಮೇಲೆ ಹೊಳೆಯುವ ಹಾಳೆ ಹೊದ್ದು ಹೇಳಿದ ಜಾಗಕ್ಕೆ ಬಂದೆ. ಅಕ್ಕ ಕಾಯುತ್ತಿದ್ದಳು. ದ್ವಿತೀಯಾರ್ಧದಲ್ಲಿ ಎಷ್ಟು ನಿಮಿಷ ಉಳಿಸಿದೆ ಅಂತ ಹೇಳಲು ಬಾಯಿ ತೆಗೆದೆ. ಅವಳು ನನ್ನ ಕಾಲ ಹತ್ತಿರ ಕೂತು, ಬಗ್ಗಲಾಗದ ನನ್ನ ಶೂ ಲೇಸ್ ಬಿಚ್ಚುತ್ತಾ, "ಅದೆಲ್ಲಾ ಆಮೇಲೆ. ಮೊದ್ಲು ಈ ಸಾಕ್ಸ್ ಎಲ್ಲಿ ಎಸೀಲಿ ಹೇಳು" ಅಂದಳು.